ಪಾರ್ಕಿನ ಬೀಗದ ಕೈ ಯಾರ ಹತ್ತಿರ?

ನಮ್ಮ ಮನೆಯಿಂದ ಮೂರು ರಸ್ತೆ ಆಚೆ ಒಂದು ಚಿಕ್ಕ ಪಾರ್ಕಿದೆ. ಒಂದು ಸುತ್ತು ಹಾಕೋಕೆ ಎರಡು ನಿಮಿಷ ಸಾಕು. ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಹೋದರೆ ಒಳಗೆ ಹೊಂಗೆ ಮರದ ದಟ್ಟ ನೆರಳು, ನೆರಳಲ್ಲಿ ಖಾಲಿ ಕಲ್ಲುಬೆಂಚು. ಗೇಟಿಗೆ ಬೀಗ. ಹೊರಗೆ ಫುಟ್‌ಪಾತಿನ ಮೇಲೆ, ಬಿಸಿಲಲ್ಲೇ ಕೂತು, ಪೌರಕಾರ್ಮಿಕ ಹೆಂಗಸರು ತಿಂಡಿ ಡಬ್ಬಿ ಬಿಚ್ಚುತ್ತಿರುತ್ತಾರೆ. ಪಕ್ಕದಲ್ಲಿ ಡೆಲಿವರಿ ಹುಡುಗನೊಬ್ಬ ಬೈಕಿನ ಮೇಲೇ ಒರಗಿ ಕಣ್ಣು ಮುಚ್ಚಿರುತ್ತಾನೆ. ನೆರಳಿನ ಅಗತ್ಯ ನಿಜವಾಗಿ ಯಾರಿಗಿದೆಯೋ ಅವರು ಗ್ರಿಲ್ಲಿನ ಆಚೆ, ನೆರಳು ಈಚೆ.

ಒಂದೆರಡು ವರ್ಷದಿಂದ ನನಗೊಂದು ಚಟ ಹತ್ತಿದೆ. ಭಾನುವಾರ ಬಂದರೆ ಬೆಂಗಳೂರಿನ ಯಾವುದಾದರೂ ಬಡಾವಣೆಗೆ ಹೋಗಿ ಅಲ್ಲಿನ ಸಣ್ಣ ಪಾರ್ಕು, ಗೋಡೆ ಚಿತ್ರ, ಮೂಲೆಯ ಪ್ರತಿಮೆ, ಕಟ್ಟೆ ಎಲ್ಲ ನೋಡಿಕೊಂಡು ಬರುವುದು. ಲಾಲ್‌ಬಾಗ್, ಕಬ್ಬನ್ ಪಾರ್ಕ್ ಈ ಪಟ್ಟಿಯಲ್ಲಿಲ್ಲ. ಅವೆರಡರ ಯಜಮಾನರು ತೋಟಗಾರಿಕೆ ಇಲಾಖೆಯವರು, ಅವುಗಳನ್ನು ಕಾಯೋಕೆ 1975ರಷ್ಟು ಹಿಂದೆಯೇ ಬೇರೆ ಕಾನೂನು ಬಂದಿದೆ. ಜೊತೆಗೆ ದೊಡ್ಡ ಪಾರ್ಕಿಗೆ ಏನಾದರೂ ಆದರೆ ಇಡೀ ಊರು ಎದ್ದು ಕೂರುತ್ತದೆ. 2025ರಲ್ಲಿ ಸುರಂಗ ರಸ್ತೆಗೆ ಲಾಲ್‌ಬಾಗಿನ ಜಾಗ ಹೋಗುತ್ತದೆ ಅನ್ನುವ ಮಾತು ಬಂದಾಗ ಎಷ್ಟು ಗಲಾಟೆ ಆಯಿತು ನೋಡಿದಿರಲ್ಲ. ಸಣ್ಣ ಪಾರ್ಕಿಗೆ ಆ ಭಾಗ್ಯ ಇಲ್ಲ. ಅದರ ಒಂದು ಮೂಲೆಯಲ್ಲಿ ಟ್ರಾನ್ಸ್‌ಫಾರ್ಮರ್ ಬರುತ್ತದೆ, ಇನ್ನೊಂದು ಮೂಲೆಯಲ್ಲಿ ನೀರಿನ ಟ್ಯಾಂಕ್, ಮತ್ತೊಂದರಲ್ಲಿ ಗುಡಿ. ಕೇಳುವವರು ಸುತ್ತಲಿನ ನಾಲ್ಕು ಮನೆಯವರು ಮಾತ್ರ.

ಹೀಗೆ ಸುತ್ತಿ ಸುತ್ತಿ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಪಾರ್ಕು ಕಟ್ಟಿದವರು ಯಾರು, ಗೋಡೆಗೆ ಬಣ್ಣ ಹಚ್ಚಿದವರು ಯಾರು ಅನ್ನುವುದಕ್ಕಿಂತ, ಆಮೇಲೆ ಅದರ ಬೀಗದ ಕೈ ಯಾರ ಹತ್ತಿರ ಇದೆ ಅನ್ನುವುದೇ ಮುಖ್ಯ. ಅದು ಉಳಿಯುತ್ತದೋ ಇಲ್ಲವೋ, ಯಾರಿಗೆ ಸಿಗುತ್ತದೆ ಯಾರಿಗೆ ಸಿಗುವುದಿಲ್ಲ, ಎಲ್ಲ ಅಲ್ಲೇ ತೀರ್ಮಾನ ಆಗುತ್ತದೆ.

ಮೊದಲು ನಿಜವಾದ ಬೀಗದ ಕಥೆ. ನಗರದಲ್ಲಿ ಪಾಲಿಕೆಯ ಪಾರ್ಕುಗಳೇ 1,200ಕ್ಕೂ ಹೆಚ್ಚಿವೆ. ಬಹಳ ವರ್ಷ ಇವು ಬೆಳಿಗ್ಗೆ ಕೆಲವು ತಾಸು ತೆರೆದು, ಮಧ್ಯಾಹ್ನ ಮುಚ್ಚಿ, ಸಂಜೆ ಮತ್ತೆ ತೆರೆಯುತ್ತಿದ್ದವು. 2024ರ ಜೂನ್‌ನಲ್ಲಿ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿರಬೇಕು ಅಂತ ಆದೇಶ ಬಂತು. ಒಳ್ಳೆಯ ಆದೇಶ. ಆದರೆ ಆದೇಶ ಗೇಟು ತೆರೆಯುವುದಿಲ್ಲ, ಮಾಲಿ ತೆರೆಯಬೇಕು. ಒಬ್ಬನೇ ಮಾಲಿ ಎರಡು ಮೂರು ಪಾರ್ಕು ನೋಡಿಕೊಳ್ಳುವ ಕಡೆ ಅವನು ನೀರು ಹಾಯಿಸಿ, ಕಸ ಗುಡಿಸಿ, ಬೀಗ ಹಾಕಿ ಇನ್ನೊಂದಕ್ಕೆ ಓಡಬೇಕು. ಕಾವಲಿನವರಿಲ್ಲ. ಶೌಚಾಲಯ ಇಲ್ಲ, ಇದ್ದರೂ ಅದಕ್ಕೆ ಇನ್ನೊಂದು ಬೀಗ. ಹಾಗಾಗಿ ನಾನು ಮಾಲಿಯನ್ನು ಬೈಯೋಕೆ ಹೋಗುವುದಿಲ್ಲ.

ಬೈಯಬೇಕಾದ್ದು ಬೀಗದ ಹಿಂದಿರುವ ಭಯವನ್ನು. ಮಧ್ಯಾಹ್ನ ತೆರೆದಿಟ್ಟರೆ ಕುಡುಕರು ಬರುತ್ತಾರೆ, ಪುಂಡರು ಬರುತ್ತಾರೆ, ಜೋಡಿಗಳು ಬಂದು ಕೂರುತ್ತವೆ ಅಂತ ಸುತ್ತಲಿನ ಮನೆಯವರು ಹೇಳುತ್ತಾರೆ. ಒಂದು ಪಾರ್ಕಿನ ಅಸೋಸಿಯೇಶನ್‌ನ ಹಿರಿಯರೊಬ್ಬರು ನನಗೆ ನೇರವಾಗಿಯೇ ಹೇಳಿದರು: "ಕಂಡಕಂಡವರೆಲ್ಲ ಬಂದು ಮಲಗ್ತಾರೆ ಕಣ್ರೀ." ಮಲಗಿದರೆ ಏನಾಯಿತು ಸಾರ್ ಅಂದೆ. ಅವರು ನನ್ನನ್ನೇ ಒಂಥರಾ ನೋಡಿದರು. ಬೆಳಗಿನಿಂದ ಗಾಡಿ ಓಡಿಸಿದ ಆಟೋದವರು, ನಾಲ್ಕು ಮನೆ ಕೆಲಸ ಮುಗಿಸಿ ಐದನೆಯದಕ್ಕೆ ಹೋಗುವ ಹೆಂಗಸು ಅರ್ಧ ಗಂಟೆ ಕಾಲು ಚಾಚಿದರೆ ಪಾರ್ಕು ಕೆಟ್ಟಿತೇ? ಖಾಲಿ ಪಾರ್ಕಿಗಿಂತ ಜನ ಇರುವ ಪಾರ್ಕೇ ಹೆಚ್ಚು ಸುರಕ್ಷಿತ. ಇದನ್ನು ಹೇಳೋಕೆ ತಜ್ಞರು ಬೇಕಿಲ್ಲ. ಸಂಜೆ ಏಳರ ಮೇಲೆ ಒಬ್ಬಳೇ ವಾಕಿಂಗ್ ಹೋಗುವ ಯಾವ ಹೆಣ್ಣುಮಗಳನ್ನಾದರೂ ಕೇಳಿ.

ಗೇಟು ತೆರೆದಿದ್ದರೂ ಒಳಗೆ ಇನ್ನೊಂದು ಬೀಗ ಕಾದಿರುತ್ತದೆ. ಅದು ಬೋರ್ಡು. ಹುಲ್ಲಿನ ಮೇಲೆ ನಡೆಯಬಾರದು, ಚೆಂಡಾಟ ಆಡಬಾರದು, ಸೈಕಲ್ ತರಬಾರದು, ತಿಂಡಿ ತಿನ್ನಬಾರದು. ಇಂದಿರಾನಗರದ ಒಂದು ಪಾರ್ಕಿನಲ್ಲಿ ಓಡಬಾರದು, ಉಲ್ಟಾ ದಿಕ್ಕಿನಲ್ಲಿ ನಡೆಯಬಾರದು ಅಂತ ಬರೆದಿದ್ದು ಸೋಷಿಯಲ್ ಮೀಡಿಯಾದಲ್ಲಿ ಎಲ್ಲರ ನಗೆಗೆ ಗುರಿಯಾಗಿತ್ತು. ನಗು ಬರುತ್ತೆ ನಿಜ. ಆದರೆ ಇಂಥ ಬೋರ್ಡುಗಳನ್ನೆಲ್ಲ ಒಟ್ಟಿಗೆ ಇಟ್ಟು ಓದಿದರೆ ಒಂದು ಚಿತ್ರ ಮೂಡುತ್ತದೆ. ಬೆಳಿಗ್ಗೆ ಆರಕ್ಕೆ ಕ್ಯಾನ್ವಾಸ್ ಶೂ ಹಾಕಿಕೊಂಡು ಬಂದು, ಎಡದಿಂದ ಬಲಕ್ಕೆ ಹತ್ತು ಸುತ್ತು ಹಾಕಿ, ಕಾಫಿಗೆ ಮನೆಗೆ ಹೋಗುವ ಅರವತ್ತು ದಾಟಿದ ಗಂಡಸು. ಪಾರ್ಕು ಅವರಿಗಾಗಿ ಇದೆ. ಇರಲಿ, ಅವರಿಗೂ ಬೇಕು. ಹನ್ನೆರಡು ವರ್ಷದ ಹುಡುಗಿ ಚೆಂಡು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು?

ಇನ್ನು ಪಾರ್ಕೇ ಇಲ್ಲದ ಕಡೆ? ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. 1898ರ ಪ್ಲೇಗ್ ಬೆಂಗಳೂರಿನ ಪೇಟೆಗಳನ್ನು ಹಣ್ಣು ಮಾಡಿತು. ಗಾಳಿ ಬೆಳಕಿಲ್ಲದ ಇಕ್ಕಟ್ಟಿನಿಂದ ಜನರನ್ನು ಹೊರಗೆ ತರಬೇಕು ಅನ್ನುವ ಯೋಚನೆಯಲ್ಲಿ ಬಸವನಗುಡಿ, ಮಲ್ಲೇಶ್ವರ ಬೆಳೆದವು. ನೇರ ರಸ್ತೆ, ಸಾಲುಮರ, ನಡುವೆ ತೆರೆದ ಜಾಗ. 1948ರಲ್ಲಿ ಶುರುವಾದ ಜಯನಗರವೂ ಅದೇ ದಾರಿ ಹಿಡಿಯಿತು. ಇವತ್ತು ಬಸವನಗುಡಿಯಲ್ಲಿ ಬ್ಯೂಗಲ್ ರಾಕ್, ಕೃಷ್ಣರಾವ್ ಪಾರ್ಕು, ಜಯನಗರದಲ್ಲಿ ಮಾಧವನ್ ಪಾರ್ಕು, ಲಕ್ಷ್ಮಣರಾವ್ ಪಾರ್ಕು ಅಂತ ನಡೆದುಕೊಂಡೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಆಮೇಲೆ 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯ್ದೆ ಇದನ್ನು ಲೆಕ್ಕಕ್ಕೆ ಇಳಿಸಿತು. ಬಿಡಿಎ ಬಡಾವಣೆ ಮಾಡಿದರೆ ಒಟ್ಟು ಜಾಗದಲ್ಲಿ ಕನಿಷ್ಠ 15% ಪಾರ್ಕು ಮತ್ತು ಆಟದ ಮೈದಾನಕ್ಕೆ, ಇನ್ನೂ 10% ಶಾಲೆ, ಆಸ್ಪತ್ರೆಯಂಥ ನಾಗರಿಕ ಸೌಲಭ್ಯದ (ಸಿ.ಎ.) ಸೈಟುಗಳಿಗೆ ಬಿಡಬೇಕು.

ಸರಿ, ಬಿಡಿಎ ಮಾಡಿದರೆ ತಾನೇ? ಹೊಲ ಕೊಂಡು, ಸುಣ್ಣದ ಗೆರೆ ಎಳೆದು, ಮೂವತ್ತು ನಲವತ್ತರ ಸೈಟು ಮಾಡಿ, ಪ್ಲಾನ್ ಮಂಜೂರಾತಿ ಇಲ್ಲದೆ ಮಾರಿದ ರೆವಿನ್ಯೂ ಬಡಾವಣೆಗಳಲ್ಲಿ ಈ 15% ಕೇಳಿದವರು ಯಾರು? ಪಾರ್ಕಿಗೆ ಬಿಟ್ಟ ಒಂದೊಂದು ಸೈಟೂ ಮಾರುವವನಿಗೆ ನಷ್ಟ. ಕೊಳ್ಳುವವನಿಗೂ ಅಗ್ಗದ ಸೈಟು ಬೇಕಿತ್ತು. 2007ರಲ್ಲಿ 7 ನಗರಸಭೆ, 1 ಪುರಸಭೆ, 110 ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ (ಬಿಬಿಎಂಪಿ) ಆದಾಗ ಇಂಥ ಬಡಾವಣೆಗಳು ರಾಶಿ ರಾಶಿಯಾಗಿ ನಗರದೊಳಕ್ಕೆ ಬಂದವು. ಇಪ್ಪತ್ತು ಅಡಿ ರಸ್ತೆ, ರಸ್ತೆಗೆ ತಾಗಿದ ನಾಲ್ಕು ಮಹಡಿ ಮನೆ, ಒಂದು ಮರವೂ ಇಲ್ಲ. ಬೆಂಗಳೂರಿನ ಪಾರ್ಕುಗಳ ನಕ್ಷೆ ಅಂದರೆ ಬೇರೇನೂ ಅಲ್ಲ, ಯಾರ ಬಡಾವಣೆಗೆ ಪ್ಲಾನ್ ಮಂಜೂರಾಗಿತ್ತು ಅನ್ನುವ ನಕ್ಷೆ. "ಗಾರ್ಡನ್ ಸಿಟಿ" ಅನ್ನುವ ಹೆಸರು ಕೆಲವು ಪಿನ್‌ಕೋಡುಗಳಿಗೆ ಮಾತ್ರ ಒಪ್ಪುತ್ತದೆ.

ಅಂಚಿನ ಬಡಾವಣೆಗಳಲ್ಲಿ ಪಾರ್ಕಿನ ಕೆಲಸ ಮಾಡುತ್ತಿರುವುದು ಕೆರೆ ಏರಿ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆ ನೋಡಿ. ಸುತ್ತಲಿನ ಜನ ಬೆನ್ನು ಹತ್ತಿದ್ದಕ್ಕೆ ಅವು ಉಳಿದವು. ಆದರೆ ಬೆನ್ನು ಹತ್ತೋಕೆ ಪುರುಸೊತ್ತು, ಇಂಗ್ಲಿಷು, ಅಧಿಕಾರಿಗಳ ಪರಿಚಯ ಇವೆಲ್ಲ ಇದ್ದ ಜನ ಹತ್ತಿರದಲ್ಲಿ ಇರಬೇಕು. ಎಲ್ಲ ಕೆರೆಗೂ ಆ ಅದೃಷ್ಟ ಇರುವುದಿಲ್ಲ.

ಇರುವ ಪಾರ್ಕನ್ನು ಉಳಿಸಿಕೊಳ್ಳೋಕೆ ಕಾನೂನಿನ ಬೆಂಬಲ ಚೆನ್ನಾಗಿಯೇ ಇದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆ ಕಟ್ಟೋಕೆ ಒಂದು ಟ್ರಸ್ಟಿಗೆ ಕೊಡಲಾಗಿತ್ತು. ಮುಖ್ಯಮಂತ್ರಿಯ ಕಡೆಯಿಂದಲೇ ಸೂಚನೆ ಬಂದಿತ್ತು. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. ಆಸ್ಪತ್ರೆಯೂ ಜನರಿಗೆ ಒಳ್ಳೆಯದೇ ತಾನೇ, ಅದನ್ನು ಪ್ರಶ್ನಿಸೋಕೆ ಇವರು ಯಾರು ಅನ್ನುವ ವಾದವೂ ಬಂತು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಮಂಜೂರಾತಿ ಸಲ್ಲದು ಎಂದಿತು. ಪಾರ್ಕಿನ ಜಾಗ ಹೋದರೆ ಅದರಿಂದ ಪೆಟ್ಟು ತಿನ್ನುವವರು ಅಲ್ಲಿಯ ನಿವಾಸಿಗಳು, ಆದ್ದರಿಂದ ಕೇಳುವ ಹಕ್ಕೂ ಅವರಿಗಿದೆ ಎಂದಿತು. ಬೆಂಗಳೂರು ಮೆಡಿಕಲ್ ಟ್ರಸ್ಟ್ ಪ್ರಕರಣ ಅಂತ ದೇಶದಲ್ಲೆಲ್ಲ ಇವತ್ತಿಗೂ ಇದನ್ನು ಎತ್ತಿ ಹೇಳುತ್ತಾರೆ. ಬಿಡಿಎ ಕಾಯ್ದೆಯ 38-ಎ ಕಲಮಿನ ಪ್ರಕಾರ ಪಾರ್ಕಿಗೆ ಮೀಸಲಿಟ್ಟ ಜಾಗವನ್ನು ಮಾರುವಂತಿಲ್ಲ, ಬೇರೆಯದಕ್ಕೆ ಕೊಡುವಂತಿಲ್ಲ. ಇದರ ಮೇಲೆ ಪಾರ್ಕು, ಆಟದ ಮೈದಾನ, ತೆರೆದ ಜಾಗಗಳಿಗೆ ಅಂತಲೇ 1985ರ ರಾಜ್ಯ ಕಾಯ್ದೆಯೂ ಇದೆ. ಮನೆ ಮುಂದಿನ ಪಾರ್ಕಿನಲ್ಲಿ ಏನೋ ಕಟ್ಟೋಕೆ ಪಾಯ ತೆಗೆಯುತ್ತಿದ್ದರೆ ಈ ಮೂರನ್ನು ನೆನಪಿಟ್ಟುಕೊಳ್ಳಿ.

ಆದರೆ ಕಾನೂನು ತಡೆಯದ ಒಂದು ಹಾಳು ಇದೆ. ಅದು ಅಭಿವೃದ್ಧಿ. ಪಾರ್ಕಿಗೆ ದುಡ್ಡು ಬಂತು ಅಂದರೆ ನನಗೆ ಎದೆ ಝಲ್ ಅನ್ನುತ್ತದೆ. ಮಣ್ಣಿನ ದಾರಿಗೆ ಪೇವರ್ ಬ್ಲಾಕ್ ಬೀಳುತ್ತದೆ. ಮರದ ಬುಡಕ್ಕೆ ಕಾಂಕ್ರೀಟಿನ ಕಟ್ಟೆ, ಕಟ್ಟೆಗೆ ಗ್ರಾನೈಟು. ಆಮೇಲೆ ಕಮಾನು, ಕಾರಂಜಿ, ಸಿಮೆಂಟಿನ ಜಿಂಕೆ. ಕಾರಂಜಿ ಉದ್ಘಾಟನೆಯ ದಿನ ಚಿಮ್ಮುತ್ತದೆ, ಮುಂದಿನ ಮಳೆಗಾಲಕ್ಕೆ ಸೊಳ್ಳೆ ಸಾಕುತ್ತದೆ. ಯಾಕೆ ಹೀಗೆ ಅಂದರೆ, ಕಟ್ಟುವ ಕೆಲಸಕ್ಕೆ ಬಿಲ್ಲು ದೊಡ್ಡದು, ಫೋಟೋ ಚಂದ, ಹೆಸರಿನ ಕಲ್ಲು ಹಾಕಬಹುದು. ದಿನಾ ನೀರು ಹಾಯಿಸುವ ಕೆಲಸಕ್ಕೆ ಇದ್ಯಾವುದೂ ಇಲ್ಲ. ಮಾಲಿಯ ಸಂಬಳಕ್ಕೆ ಯಾರೂ ರಿಬ್ಬನ್ ಕತ್ತರಿಸುವುದಿಲ್ಲ. ಮಳೆ ನೀರು ಇಂಗಬೇಕಾದ ಜಾಗವೇ ಹೀಗೆ ಟೈಲ್ಸ್ ಹೊದ್ದು ಕೂತರೆ, ಪಕ್ಕದ ರಸ್ತೆಯಲ್ಲಿ ಮೊಣಕಾಲುದ್ದ ನೀರು ನಿಂತಿತು ಅಂತ ಗೊಣಗಿ ಏನು ಪ್ರಯೋಜನ?

2024ರ ಬೇಸಿಗೆ ಇದನ್ನು ಚೆನ್ನಾಗಿ ತೋರಿಸಿಕೊಟ್ಟಿತು. ಕೊಳವೆಬಾವಿಗಳು ಬತ್ತಿದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಬಾರದು, ಹಾಕಿದರೆ 5,000 ರೂಪಾಯಿ ದಂಡ ಅಂತ ಮಾರ್ಚ್‌ನಲ್ಲಿ ಜಲಮಂಡಳಿ ಹೇಳಿತು. ನಾನು ನೋಡಿದ ಪಾರ್ಕುಗಳಲ್ಲಿ ಮೊದಲು ಸತ್ತಿದ್ದು ಹುಲ್ಲುಹಾಸು. ಹೊಂಗೆ, ನೇರಳೆ, ಬೇವು ಏನೂ ಆಗದವರ ಹಾಗೆ ನಿಂತಿದ್ದವು. ಯಾರೂ ನಡೆಯಬಾರದು ಅಂತ ಬೋರ್ಡು ಹಾಕಿ ಕಾಪಾಡಿದ ಹುಲ್ಲು ಅದು!

ಈಗ ಗೋಡೆಗಳಿಗೆ ಬರೋಣ. ಬೆಂಗಳೂರಿನಲ್ಲಿ ಗೋಡೆ ಚಿತ್ರ ಅಂದರೆ ಅನೇಕರಿಗೆ ನೆನಪಾಗುವುದು 2009. ಪೋಸ್ಟರು ಅಂಟಿಸುವುದನ್ನು ತಡೆಯೋಕೆ 1981ರಿಂದಲೂ ಕಾನೂನಿತ್ತು, ಯಾರೂ ಲೆಕ್ಕಕ್ಕೆ ಇಟ್ಟಿರಲಿಲ್ಲ. ಆಗ ಪಾಲಿಕೆಯವರು ಒಂದು ಜಾಣತನ ಮಾಡಿದರು. ಸಿನಿಮಾ ಬ್ಯಾನರು, ಕಟೌಟು ಬರೆಯುತ್ತಿದ್ದ ಕಲಾವಿದರು ಫ್ಲೆಕ್ಸ್ ಬಂದಮೇಲೆ ಕೆಲಸವಿಲ್ಲದೆ ಕೂತಿದ್ದರು. ಅವರ ಕೈಗೆ ಊರಿನ ಗೋಡೆಗಳನ್ನೇ ಕೊಟ್ಟರು. ಹಂಪಿಯ ಕಲ್ಲಿನ ರಥ, ಜೋಗ ಜಲಪಾತ, ಹುಲಿ, ಯಕ್ಷಗಾನದ ವೇಷ. ಕೈ ಪಳಗಿದವರ ಕೆಲಸ, ದೊಡ್ಡ ಅಳತೆಯಲ್ಲಿ ಬರೆದು ಅಭ್ಯಾಸವಿದ್ದವರ ಬೀಸು. ಕೆಲವರು ಇದನ್ನು ಕ್ಯಾಲೆಂಡರ್ ಚಿತ್ರ ಅಂತ ಮೂಗು ಮುರಿದರು. ನನಗೆ ತಕರಾರಿರುವುದು ಶೈಲಿಯ ಬಗ್ಗೆ ಅಲ್ಲ. ಮೈಸೂರು ರಸ್ತೆಯ ಗೋಡೆಯಲ್ಲೂ ಜೋಗ, ಹೆಬ್ಬಾಳದಲ್ಲೂ ಜೋಗ ಆದರೆ ಆ ಗೋಡೆ ತಾನು ನಿಂತ ಬೀದಿಯ ಬಗ್ಗೆ ಏನು ಹೇಳಿದ ಹಾಗಾಯಿತು? ಬ್ಯೂಗಲ್ ರಾಕಿನ ಡಿ.ವಿ.ಜಿ. ಪ್ರತಿಮೆ ನೋಡಿ. ದೊಡ್ಡ ಕಲಾಕೃತಿ ಅಂತಲ್ಲ. ಆದರೆ ಆ ಮನುಷ್ಯ ಓಡಾಡಿದ ಬಸವನಗುಡಿಯಲ್ಲೇ ಅದು ಕೂತಿದೆ. ಜಾಗಕ್ಕೂ ಪ್ರತಿಮೆಗೂ ನಂಟಿದೆ.

ಊರಿನ ಗೋಡೆ ಚಿತ್ರಗಳನ್ನು ನಾನು ಎರಡು ಜಾತಿ ಅಂತ ನೋಡುತ್ತೇನೆ. ಒಂದು ಮುಚ್ಚುವ ಚಿತ್ರ, ಇನ್ನೊಂದು ತೋರಿಸುವ ಚಿತ್ರ. ಮೂತ್ರ ಮಾಡಬಾರದು ಅಂತ ಕಾಂಪೌಂಡಿಗೆ ಅಂಟಿಸುವ ದೇವರ ಟೈಲ್ಸು ಮುಚ್ಚುವ ಜಾತಿಯ ಮೊದಲ ಪಾಠ. "ದಿ ಅಗ್ಲಿ ಇಂಡಿಯನ್" ಅನ್ನುವ ಹೆಸರಿಲ್ಲದವರ ಗುಂಪು 2010ರ ಹೊತ್ತಿನಿಂದ ಮಾಡಿಕೊಂಡು ಬಂದಿದ್ದು ಇದರ ಅಚ್ಚುಕಟ್ಟಾದ ರೂಪ. ಕಸ ಬೀಳುವ ಮೂಲೆಯನ್ನು ತೊಳೆದು, ಗೋಡೆಯ ಕೆಳಭಾಗಕ್ಕೆ ಕೆಂಪು ಮಣ್ಣಿನ ಬಣ್ಣದ ಪಟ್ಟಿ ಬಳಿದು, ಹೂಕುಂಡ ಇಡುವುದು. ಫ್ಲೈಓವರ್ ಕಂಬಗಳಿಗೆ ತ್ರಿಕೋನಗಳ ವಿನ್ಯಾಸ. ಕೆಂಪು ಯಾಕೆ ಅಂದರೆ ಎಲೆಅಡಿಕೆ ಉಗಿದರೂ ಎದ್ದು ಕಾಣುವುದಿಲ್ಲ! ಊರನ್ನು ಅರ್ಥ ಮಾಡಿಕೊಂಡವರ ಲೆಕ್ಕಾಚಾರ ಇದು.

ತೋರಿಸುವ ಜಾತಿಯ ಮೇಷ್ಟ್ರು ಬಾದಲ್ ನಂಜುಂಡಸ್ವಾಮಿ. ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲಿತವರು. 2015ರಲ್ಲಿ ಸುಲ್ತಾನ್‌ಪಾಳ್ಯದ ರಸ್ತೆಯ ಗುಂಡಿಯೊಂದಕ್ಕೆ ಹಸಿರು ಬಣ್ಣ ಹಾಕಿ ಅದರಲ್ಲಿ ನಿಜವಾದ ಅಳತೆಯ ಮೊಸಳೆ ತಂದಿಟ್ಟರು. 2019ರಲ್ಲಿ ದೇಶವೆಲ್ಲ ಚಂದ್ರಯಾನದ ಗುಂಗಿನಲ್ಲಿದ್ದಾಗ ಹೇರೋಹಳ್ಳಿ ಕಡೆಯ ಗುಂಡಿಬಿದ್ದ ರಸ್ತೆಯಲ್ಲಿ ಗಗನಯಾತ್ರಿಯ ವೇಷದವರನ್ನು ನಡೆಸಿ ವಿಡಿಯೋ ಮಾಡಿದರು. ಎರಡು ಕಡೆಯೂ ರಿಪೇರಿಗೆ ಜನ ಓಡಿ ಬಂದರು. ಈ ಕಲೆಗೆ ನಿರ್ವಹಣೆಯೇ ಬೇಡ. ಕಲಾಕೃತಿಯ ಜಾಗ ಮಾಯವಾದರೆ ಅದು ಗೆದ್ದ ಹಾಗೆ.

ಈ ಎರಡರ ನಡುವೆ ಇನ್ನೂ ಬೇಕಾದಷ್ಟಿದೆ. ಪೀಣ್ಯ ಮತ್ತು ಕಬ್ಬನ್ ಪಾರ್ಕ್ ಮೆಟ್ರೋ ನಿಲ್ದಾಣಗಳಲ್ಲಿ ವಿದ್ಯಾರ್ಥಿಗಳು ಬರೆದ ಚಿತ್ರಗಳು, 2013ರಲ್ಲಿ ಎಂ.ಜಿ. ರಸ್ತೆಯಲ್ಲಿ ಶುರುವಾದ "ರಂಗೋಲಿ" ಮೆಟ್ರೋ ಕಲಾ ಕೇಂದ್ರ, ಪ್ರತಿ ಜನವರಿಗೆ ಕುಮಾರಕೃಪಾ ರಸ್ತೆಯನ್ನೇ ತುಂಬುವ ಚಿತ್ರಸಂತೆ. ಅರಾವನಿ ಆರ್ಟ್ ಪ್ರಾಜೆಕ್ಟ್ 2016ರಿಂದ ಟ್ರಾನ್ಸ್‌ಜೆಂಡರ್ ಮಹಿಳೆಯರ ಜೊತೆ ಸೇರಿ ಗೋಡೆ ಬರೆಯುತ್ತಿದೆ. ಬೀದಿಯಲ್ಲಿ ನಿಂತರೆ ಓಡಿಸಿಕೊಳ್ಳುತ್ತಿದ್ದವರು ಅದೇ ಬೀದಿಯಲ್ಲಿ ಏಣಿ ಹಾಕಿಕೊಂಡು, ಕುಂಚ ಹಿಡಿದು ದಿನಗಟ್ಟಲೆ ನಿಂತರು. ಚಿತ್ರಕ್ಕಿಂತ ಆ ನಿಲ್ಲುವಿಕೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಮಲ್ಲೇಶ್ವರದ ಕನ್ಸರ್ವೆನ್ಸಿ ಗಲ್ಲಿಗಳಿಗೆ ಹೋದಾಗ ಬೇರೆಯದೇ ಯೋಚನೆ ಬಂತು. ಮನೆಗಳ ಬೆನ್ನಿಗೆ ಹಾದುಹೋಗುವ ಕಿರಿದಾದ ಗಲ್ಲಿಗಳು. ಈಗ ಕೆಲವಕ್ಕೆ ಚಂದದ ಬಣ್ಣ ಬಂದಿದೆ, ಜನ ಫೋಟೋ ತೆಗೆಸಿಕೊಳ್ಳುತ್ತಾರೆ. ಈ ಗಲ್ಲಿಗಳನ್ನು ಯಾಕೆ ಬಿಟ್ಟಿದ್ದರು ಗೊತ್ತಲ್ಲ? ಒಳಚರಂಡಿ ಇಲ್ಲದ ಕಾಲದಲ್ಲಿ ಮಲ ಹೊರುವವರು ಮನೆಯ ಮುಂಬಾಗಿಲಿಗೆ ಬರದೆ ಹಿಂದಿನಿಂದಲೇ ಬಂದು ಹೋಗಲಿ ಅಂತ. ಹೂವು, ಹಕ್ಕಿ, ಕಾಫಿ ಲೋಟ ಬರೆದ ಗೋಡೆಯ ಮುಂದೆ ನಿಂತು ಅದನ್ನು ನೆನೆದರೆ ಒಂಥರಾ ಆಗುತ್ತದೆ. ಬಣ್ಣ ಬೇಡ ಅನ್ನುತ್ತಿಲ್ಲ. ಆ ಚರಿತ್ರೆಗೂ ಒಂದು ಗೋಡೆ ಸಿಗಲಿ.

ನಮ್ಮಲ್ಲಿ ಪಾರ್ಕು, ಸಾರ್ವಜನಿಕ ಕಲೆ ಎರಡೂ ಒಟ್ಟಿಗೆ ಇದ್ದ ಜಾಗ ಮೊದಲಿಂದಲೂ ಇತ್ತು. ಅರಳಿಕಟ್ಟೆ. ಮೇಲೆ ನೆರಳು, ಕೆಳಗೆ ಕೂರೋಕೆ ಕಲ್ಲು, ಬುಡದಲ್ಲಿ ನಾಗರಕಲ್ಲು. ಪಾರ್ಕು ಕಡಿಮೆ ಇರುವ ಹಳೇ ಪೇಟೆಯಲ್ಲೂ, ಪಾರ್ಕೇ ಇಲ್ಲದ ರೆವಿನ್ಯೂ ಬಡಾವಣೆಯ ನಡುವೆ ಸಿಕ್ಕಿಕೊಂಡ ಹಳೇ ಊರಲ್ಲೂ ಇವತ್ತಿಗೂ ಮಧ್ಯಾಹ್ನ ಜನ ಕೂರುವುದು ಕಟ್ಟೆಯ ಮೇಲೇ. ಗೇಟಿಲ್ಲ, ಟೈಮಿಂಗ್ ಇಲ್ಲ. ಹಾಗಂತ ಕಟ್ಟೆಯನ್ನು ಹಾಡಿ ಹೊಗಳೋಕೆ ನಾನು ತಯಾರಿಲ್ಲ. ಅದಕ್ಕೂ ಬೀಗ ಇತ್ತು, ಕಣ್ಣಿಗೆ ಕಾಣದ ಜಾತಿಯ ಬೀಗ. ಯಾರು ಕೂರಬಹುದು, ಯಾರು ನಿಂತೇ ಇರಬೇಕು ಅಂತ ಎಲ್ಲರಿಗೂ ಗೊತ್ತಿತ್ತು.

ಕಲ್ಲುಗಳ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಈ ಊರಿನ ಅತಿ ಹಳೆಯ ಬೀದಿ ಕಲೆ ವೀರಗಲ್ಲು. ಬೇಗೂರಿನ ನಾಗೇಶ್ವರ ದೇವಸ್ಥಾನದಲ್ಲಿ 890ರ ಸುಮಾರಿನ ಕಲ್ಲಿನ ಮೇಲೆ "ಬೆಂಗಳೂರು" ಅನ್ನುವ ಹೆಸರೇ ಇದೆ. ಹೆಬ್ಬಾಳದಲ್ಲಿ 2018ರಲ್ಲಿ ರಸ್ತೆ ಬದಿ ಅಗೆಯುವಾಗ ಇನ್ನೊಂದು ಕಲ್ಲು ಸಿಕ್ಕಿತು. ಸುಮಾರು 750ನೇ ಇಸವಿಯದು, ಗಂಗರ ಶ್ರೀಪುರುಷನ ಕಾಲದ್ದು. ದಾಳಿಯಲ್ಲಿ ಹೋರಾಡಿ ಸತ್ತ ಕಿತ್ತಯ್ಯ ಅನ್ನುವವನ ನೆನಪಿನ ಕಲ್ಲು. ಸ್ಥಳೀಯರು, ಆಸಕ್ತರು ಸೇರಿ ದುಡ್ಡು ಹಾಕಿ ಅದಕ್ಕೆ ಗಂಗರ ಶೈಲಿಯಲ್ಲೇ ಒಂದು ಮಂಟಪ ಕಟ್ಟಿದರು. ಸಿಕ್ಕ ಊರಲ್ಲೇ ಕಲ್ಲು ಉಳಿಯಿತು, ಮ್ಯೂಸಿಯಮ್ಮಿನ ಗೋಡೌನಿಗೆ ಹೋಗಲಿಲ್ಲ. ಶಾಸನ ತಜ್ಞ ಬಿ.ಎಲ್. ರೈಸ್ 1905ರಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳ ಸಂಪುಟ ತಂದಾಗ ದಾಖಲಾದ ಎಷ್ಟೋ ಕಲ್ಲುಗಳು ಇವತ್ತು ಜಾಗದಲ್ಲಿಲ್ಲ. ಚರಂಡಿಗೆ ಚಪ್ಪಡಿಯಾಗಿವೆ, ಪಾಯಕ್ಕೆ ಬಿದ್ದಿವೆ. ಉಳಿದವನ್ನು ಇತಿಹಾಸ ಸಂಶೋಧನೆಯ ಸಂಸ್ಥೆ ಮಿಥಿಕ್ ಸೊಸೈಟಿಯವರು 3ಡಿ ಸ್ಕ್ಯಾನ್ ಮಾಡಿ ದಾಖಲಿಸುತ್ತಿದ್ದಾರೆ. ನಿಮ್ಮ ಬಡಾವಣೆಯ ಗುಡಿ ಪಕ್ಕದಲ್ಲಿ, ಪಾರ್ಕಿನ ಮೂಲೆಯಲ್ಲಿ ಬಿಲ್ಲು ಹಿಡಿದವನ ಕೆತ್ತನೆಯ ಕಲ್ಲು ಇದೆಯಾ ಅಂತ ಒಮ್ಮೆ ನೋಡಿ. ಸುಣ್ಣ ಬಳಿದಿರಬಹುದು, ಅರಿಶಿನ ಕುಂಕುಮ ಹಚ್ಚಿರಬಹುದು. ಅದೂ ಒಂದು ಬಗೆಯ ನಿರ್ವಹಣೆಯೇ.

ಈಗ ಮತ್ತೆ ಬೀಗಕ್ಕೆ. 2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಕೆಳಗೆ ಐದು ಪಾಲಿಕೆಗಳು ಬಂದವು. ಹಳೆಯ ಪಾಲಿಕೆಗೆ ಕೊನೆಯ ಚುನಾವಣೆ ನಡೆದಿದ್ದು 2015ರಲ್ಲಿ. 2020ರ ಸೆಪ್ಟೆಂಬರಿಗೆ ಅವಧಿ ಮುಗಿಯಿತು. ಆಮೇಲೆ ಐದು ವರ್ಷ ಪಾಲಿಕೆ ಇದ್ದಷ್ಟು ದಿನವೂ ಕಾರ್ಪೊರೇಟರುಗಳೇ ಇರಲಿಲ್ಲ. ಪಾರ್ಕಿನ ದೀಪ ಹೋದರೆ, ಮಾಲಿ ಬರದಿದ್ದರೆ, ಯಾರೋ ಮರ ಕಡಿದರೆ ಹೋಗಿ ಬಾಗಿಲು ತಟ್ಟೋಕೆ ಒಬ್ಬ ಆಯ್ಕೆಯಾದ ಮನುಷ್ಯ ಇಲ್ಲ. ಆ ಖಾಲಿ ಜಾಗದಲ್ಲೇ ಅಸೋಸಿಯೇಶನ್ನುಗಳು ಬಲವಾದವು. ಇರುವವರು ಅವರೇ ಆದ್ದರಿಂದ ಬೋರ್ಡಿನ ಮೇಲೆ ಏನು ಬರೆಯಬೇಕು ಅನ್ನುವುದೂ ಅವರದೇ ಮಾತಾಯಿತು. ಐದು ಪಾಲಿಕೆಗಳಿಗೆ ಸದಸ್ಯರು ಬಂದು ವಾರ್ಡು ಸಮಿತಿಗಳು ಕೂತಾಗ, ಆ ಸಭೆಯಲ್ಲಿ ಪೌರಕಾರ್ಮಿಕರ ಕಡೆಯಿಂದ ಒಬ್ಬರು, ಚೆಂಡಾಡುವ ಮಕ್ಕಳ ಕಡೆಯಿಂದ ಒಬ್ಬರು ಇದ್ದರೆ ಗೇಟಿನ ಟೈಮಿಂಗ್ ಬೇರೆಯೇ ಆಗುತ್ತದೆ ಅಂತ ನನ್ನ ಅಂದಾಜು.

ಮೊನ್ನೆ ನಮ್ಮ ಪಾರ್ಕಿನ ಮಾಲಿ ಸಿಕ್ಕಿದ್ದರು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು. ಗೇಟಿನ ಮೇಲಿನ ಬೋರ್ಡಿನಲ್ಲಿ ಇನ್ನೂ ಪಾಲಿಕೆಯ ಹಳೇ ಹೆಸರೇ ಇತ್ತು. ಈಗ ನೀವು ಯಾವ ಪಾಲಿಕೆಗೆ ಬರ್ತೀರಣ್ಣ ಅಂತ ಕೇಳಿದೆ.

"ಯಾರು ಸಂಬಳ ಹಾಕ್ತಾರೋ ಅವರ ಪಾಲಿಕೆಗೆ ಸಾರ್," ಅಂದರು. ಗೊಂಚಲಲ್ಲಿ ಸರಿಯಾದ ಕೈ ಹುಡುಕುತ್ತಾ, "ಬೋರ್ಡು ಬದಲಾಯಿಸೋಕೆ ಟೆಂಡರ್ ಕರೀಬೇಕಂತೆ," ಅಂತ ಸೇರಿಸಿದರು.